ಬಟನ್ ಸೆಲ್ ಪಕ್ಕದ ಆಂಟೆನಾ: ಒಂದು ಯುಡಬ್ಲ್ಯೂಬಿ ಟ್ಯಾಗ್‌ನ ಪ್ರಕರಣ ಅಧ್ಯಯನ

ದೊಡ್ಡ ಗೋದಾಮು, ಕಾರ್ಖಾನೆಗಳ ಒಳಗೆ ಯಾರು ಎಲ್ಲಿದ್ದಾರೆ ಎಂದು ತಿಳಿಯಲು ಜಿಪಿಎಸ್ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ರೇಡಿಯೊ ಆವೃತ್ತಿಗಳ (ಫ್ರೀಕ್ವೆನ್ಸಿಗಳ) ಬಹಳ ಅಗಲವಾದ ಪಟ್ಟಿಯಲ್ಲಿ ಕೆಲಸ ಮಾಡುವ ಅಲ್ಟ್ರಾ ವೈಡ್‌ಬ್ಯಾಂಡ್ (ಯುಡಬ್ಲ್ಯೂಬಿ) ಟ್ಯಾಗ್‌ಗಳನ್ನು ಬಳಸುತ್ತಾರೆ. ಕೆಲಸಗಾರರ ಕುತ್ತಿಗೆಯಲ್ಲಿ ನೇತಾಡುವ ಟ್ಯಾಗ್ ಒಂದು ಪಲ್ಸ್ ಕಳುಹಿಸುತ್ತದೆ, ಗೋಡೆಯ ಮೇಲೆ ಸ್ಥಿರವಾಗಿ ಕೂರಿಸಿದ ಆಂಕರ್ ಎಂಬ ಉಪಕರಣ ಅದಕ್ಕೆ ಉತ್ತರಿಸುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಸಿಗುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂ.ಮೀ. ಸಾಗುವುದರಿಂದ, ಒಂದು ಕಡೆಯ ಪಯಣದ ಸಮಯದ ಲೆಕ್ಕದಲ್ಲಿ ನ್ಯಾನೊಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೂ ದೂರದಲ್ಲಿ 3 ಸೆಂ.ಮೀ. ತಪ್ಪುತ್ತದೆ.

ನನ್ನ ಕೈಗೆ ಬಂದ ಟ್ಯಾಗ್‌ನ ಸರ್ಕ್ಯೂಟ್ ಬೋರ್ಡ್ 36 ಮಿ.ಮೀ. ಉದ್ದ, 26 ಮಿ.ಮೀ. ಅಗಲದ್ದು. ಅದರ ಮೇಲೆ ಯುಡಬ್ಲ್ಯೂಬಿ ಚಿಪ್, ಒಂದು ಸಿಆರ್2032 ಬಟನ್ ಸೆಲ್, ಉಳಿದ ಜಾಗದಲ್ಲಿ ತಾಮ್ರದಲ್ಲೇ ಮುದ್ರಿಸಿದ ಆಂಟೆನಾ. ಮೊದಲ ಮಾದರಿ ಆಗಲೇ ತಯಾರಾಗಿತ್ತು. ಆಂಟೆನಾಕ್ಕೆ ಕೊಟ್ಟ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತದೆಂದು ಅಳೆಯುವ ನೆಟ್‌ವರ್ಕ್ ಅನಲೈಜರ್‌ನ ಪರದೆಯ ಮೇಲೆ ಅದರ ಆಂಟೆನಾ ಚೆನ್ನಾಗಿಯೇ ಕಾಣುತ್ತಿತ್ತು. ಆವೃತ್ತಿ ಪಟ್ಟಿಯ ಬಹುಪಾಲಿನಲ್ಲಿ ಪ್ರತಿಫಲನ −10 ಡೆಸಿಬೆಲ್‌ಗಿಂತ ಕೆಳಗಿತ್ತು, ಅಂದರೆ ಕೊಟ್ಟ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಹಿಂದಿರುಗುತ್ತಿತ್ತು. ಆದರೂ ಟ್ಯಾಗ್ ಹೇಳುವ ದೂರ ನಂಬುವಂತಿರಲಿಲ್ಲ. ಮೇಜಿನ ಮೇಲಿಟ್ಟು ಒಂದು ದಿಕ್ಕಿಗೆ ತಿರುಗಿಸಿದರೆ ಸರಿಯಾದ ದೂರ, ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಮೂವತ್ತು ನಲವತ್ತು ಸೆಂ.ಮೀ. ಹೆಚ್ಚು. ಎದೆಯ ಮೇಲೆ ಹಾಕಿಕೊಂಡರೆ ಇನ್ನೂ ಕೆಟ್ಟದು. ಚಿಪ್‌ನ ತಂತ್ರಾಂಶ, ಗಡಿಯಾರದ ಹರಳು, ಆಂಕರ್‌ಗಳ ಜಾಗ ಎಲ್ಲವನ್ನೂ ಪರೀಕ್ಷಿಸಿ ಆದ ಮೇಲೆ ಸಂಶಯ ಆಂಟೆನಾದತ್ತ ಹೊರಳಿತ್ತು.

ಪರದೆಯ ಮೇಲೆ ಚೆನ್ನಾಗಿ ಕಾಣುವ ಆಂಟೆನಾ ದೂರವನ್ನು ಯಾಕೆ ತಪ್ಪಾಗಿ ಹೇಳುತ್ತದೆ? ಚಿಕ್ಕ ಉಪಕರಣಗಳಿಗೆ ಆಂಟೆನಾ ಮಾಡುವವರೆಲ್ಲರಿಗೂ ಇದು ಎಂದಾದರೂ ಎದುರಾಗುವ ಪ್ರಶ್ನೆ. ಆದ್ದರಿಂದಲೇ ಈ ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಬೇಡಿಕೆಯನ್ನೇ ಮೊದಲು ನೋಡಬೇಕಾಯಿತು

ಮೊದಲ ಮಾದರಿಯ ಬೇಡಿಕೆಪಟ್ಟಿಯಲ್ಲಿ ಆಂಟೆನಾ 3.1ರಿಂದ 10.6 ಗಿಗಾಹರ್ಟ್ಸ್‌ವರೆಗೆ ಕೆಲಸ ಮಾಡಬೇಕು ಎಂದಿತ್ತು. ಈ ಅಂಕಿಗಳು ಎಲ್ಲಿಂದ ಬಂದವು ಎಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತು. 2002ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಪರವಾನಗಿ ಇಲ್ಲದ ಯುಡಬ್ಲ್ಯೂಬಿ ಬಳಕೆಗೆ ತೆರೆದಿಟ್ಟ ಪಟ್ಟಿ ಅದು. ಅಂದಿನಿಂದ ಪ್ರಕಟವಾದ ಸಂಶೋಧನಾ ಪ್ರಬಂಧಗಳಲ್ಲಿ ಹೆಚ್ಚಿನವು ಈ ಇಡೀ ಪಟ್ಟಿಯನ್ನು ಒಂದೇ ಆಂಟೆನಾದಲ್ಲಿ ತುಂಬಿಸುವುದನ್ನೇ ಗುರಿಯಾಗಿ ಇಟ್ಟುಕೊಂಡವು. ಪ್ರಬಂಧಕ್ಕೆ ಅದು ಸರಿಯಾದ ಗುರಿಯೇ. ಆದರೆ ಈ ಟ್ಯಾಗ್‌ನೊಳಗಿನ ಚಿಪ್ ಐಇಇಇ 802.15.4 ಎಂಬ ನಿಸ್ತಂತು ಮಾನದಂಡದ ಎರಡೇ ಚಾನೆಲ್‌ಗಳನ್ನು ಬಳಸುತ್ತದೆ. ಐದನೇ ಚಾನೆಲ್‌ನ ನಡು 6489.6 ಮೆಗಾಹರ್ಟ್ಸ್, ಒಂಬತ್ತನೆಯದರ ನಡು 7987.2. ಪ್ರತಿಯೊಂದರ ಅಗಲ 499.2 ಮೆಗಾಹರ್ಟ್ಸ್. ಎರಡನ್ನೂ ಸೇರಿಸಿದರೆ 6.24ರಿಂದ 8.24 ಗಿಗಾಹರ್ಟ್ಸ್‌ವರೆಗಿನ ಪಟ್ಟಿ. ಯುರೋಪಿನ ನಿಯಮಗಳೂ 6ರಿಂದ 8.5 ಗಿಗಾಹರ್ಟ್ಸ್‌ನ ನಡುವಿನ ಜಾಗವನ್ನೇ ಹೆಚ್ಚು ಉದಾರವಾಗಿ ಬಿಟ್ಟುಕೊಟ್ಟಿವೆ.

ಅಗತ್ಯವಿಲ್ಲದ ಆ ಕೆಳಗಿನ 3 ಗಿಗಾಹರ್ಟ್ಸ್‌ಗೆ ಎಷ್ಟು ಬೆಲೆ ತೆರಬೇಕು ಎಂಬುದನ್ನು ಸರಳ ಲೆಕ್ಕವೇ ತೋರಿಸುತ್ತದೆ. ಮೊದಲ ಮಾದರಿಯದ್ದು ದುಂಡು ತಟ್ಟೆಯಾಕಾರದ ಮಾನೊಪೋಲ್, ಅಂದರೆ ಒಂದು ಬದಿಗೆ ತಟ್ಟೆ, ಅದಕ್ಕೆ ಜೋಡಿಯಾಗಿ ಬೋರ್ಡಿನ ಗ್ರೌಂಡ್ ಎಂಬ ತಾಮ್ರದ ಹಾಳೆ ಇರುವ ಆಂಟೆನಾ. ಅದರ ಅತಿ ಕೆಳಗಿನ ಆವೃತ್ತಿಯನ್ನು ಅಂದಾಜು ಮಾಡಲು ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರವಿದೆ. ತಟ್ಟೆಯ ವ್ಯಾಸ, ತ್ರಿಜ್ಯದ ಕಾಲು ಭಾಗ, ತಟ್ಟೆಗೂ ಗ್ರೌಂಡ್‌ಗೂ ನಡುವಿನ ಅಂತರ, ಈ ಮೂರನ್ನೂ ಸೆಂಟಿಮೀಟರಿನಲ್ಲಿ ಕೂಡಿಸಿ, 7.2ನ್ನು ಆ ಮೊತ್ತದಿಂದ ಭಾಗಿಸಿದರೆ ಗಿಗಾಹರ್ಟ್ಸ್‌ನಲ್ಲಿ ಉತ್ತರ ಬರುತ್ತದೆ. ತಾಮ್ರವನ್ನು ಎಫ್‌ಆರ್-4 ಎಂಬ ಸಾಮಾನ್ಯ ಗಾಜುನಾರಿನ ಬೋರ್ಡಿನ ಮೇಲೆ ಮುದ್ರಿಸಿದ್ದರೆ ಮೊತ್ತವನ್ನು ಸುಮಾರು 1.15ರಿಂದ ಗುಣಿಸಿಕೊಳ್ಳಬೇಕು. ಅಂತರ ಅರ್ಧ ಮಿ.ಮೀ. ಎಂದಿಟ್ಟುಕೊಂಡರೆ 3.1 ಗಿಗಾಹರ್ಟ್ಸ್‌ಗೆ ತಟ್ಟೆಯ ವ್ಯಾಸ 17.5 ಮಿ.ಮೀ. ಬೇಕಾಗುತ್ತದೆ. 6 ಗಿಗಾಹರ್ಟ್ಸ್‌ಗೆ 9 ಮಿ.ಮೀ. ಸಾಕು.

ಈಗ ಸೆಲ್ ನೆನಪಿಗೆ ಬರಲಿ. ಸಿಆರ್2032 ಎಂಬ ಹೆಸರಿನಲ್ಲೇ ಅದರ ಅಳತೆ ಇದೆ: 20 ಮಿ.ಮೀ. ವ್ಯಾಸ, 3.2 ಮಿ.ಮೀ. ದಪ್ಪ. 17.5 ಮಿ.ಮೀ. ತಟ್ಟೆ, ಅರ್ಧ ಮಿ.ಮೀ. ಅಂತರ, 20 ಮಿ.ಮೀ. ಸೆಲ್, ಒಟ್ಟು 38 ಮಿ.ಮೀ. ಬೋರ್ಡ್ ಇರುವುದು 36. ಹಾಗಾಗಿ ಮೊದಲ ಮಾದರಿಯಲ್ಲಿ ತಟ್ಟೆಯನ್ನು ಅದುಮಿ ಅಂಡಾಕಾರ ಮಾಡಲಾಗಿತ್ತು, ಸೆಲ್ಲನ್ನು ಗ್ರೌಂಡ್‌ನ ಅಂಚಿಗೆ ತಾಗಿಸಿ ಕೂರಿಸಲಾಗಿತ್ತು. ಆಂಟೆನಾಕ್ಕೆ ಸಂಕೇತ ಉಣಿಸುವ ಬಿಂದುವಿನ ಪಕ್ಕದಲ್ಲೇ ಮೂರು ಮಿ.ಮೀ. ಎತ್ತರದ ಉಕ್ಕಿನ ಗೋಡೆ ಎದ್ದು ನಿಂತಂತಾಗಿತ್ತು.

ಬೋರ್ಡ್ ಕೂಡ ಆಂಟೆನಾವೇ

ಚಿಕ್ಕ ಆಂಟೆನಾದ ಬಗ್ಗೆ ಮಾತನಾಡುವಾಗ ಎಂಜಿನಿಯರ್‌ಗಳಾದ ವೀಲರ್ 1947ರಲ್ಲಿ, ಚೂ 1948ರಲ್ಲಿ ಹಾಕಿಕೊಟ್ಟ ಮಿತಿಯನ್ನು ಬಿಟ್ಟು ಮುಂದೆ ಹೋಗಲಾಗದು. ಆಂಟೆನಾವನ್ನು ಪೂರ್ತಿಯಾಗಿ ಒಳಗೊಳ್ಳುವ ಅತಿ ಚಿಕ್ಕ ಗೋಳವನ್ನು ಊಹಿಸಿಕೊಳ್ಳಿ. ಆ ಗೋಳ ತರಂಗಾಂತರಕ್ಕೆ ಹೋಲಿಸಿದರೆ ಎಷ್ಟು ಚಿಕ್ಕದೋ, ಆಂಟೆನಾ ಅಷ್ಟು ಹೆಚ್ಚು ಶಕ್ತಿಯನ್ನು ಹೊರಸೂಸದೆ ತನ್ನ ಸುತ್ತಲೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಹಿಡಿದಿಟ್ಟುಕೊಂಡಷ್ಟೂ ಅದು ಕೆಲಸ ಮಾಡುವ ಪಟ್ಟಿ ಕಿರಿದಾಗುತ್ತದೆ. ಎಷ್ಟೇ ಜಾಣ ವಿನ್ಯಾಸ ಮಾಡಿದರೂ ಈ ಮಿತಿಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

17.5 ಮಿ.ಮೀ. ತಟ್ಟೆಯೊಂದನ್ನೇ ಆಂಟೆನಾ ಎಂದುಕೊಂಡು 3.1 ಗಿಗಾಹರ್ಟ್ಸ್‌ನಲ್ಲಿ ಈ ಲೆಕ್ಕ ಹಾಕಿದರೆ, ಸೂಸುವ ಶಕ್ತಿಗೆ ಹೋಲಿಸಿ ಹಿಡಿದಿಟ್ಟ ಶಕ್ತಿ ಎಷ್ಟೆಂದು ಹೇಳುವ ಗುಣಾಂಕ ಕ್ಯೂ 7ರ ಹತ್ತಿರ ಬರುತ್ತದೆ. ಅಂದರೆ ಒಂದೇ ಅನುರಣನದಿಂದ ಸಿಗುವ ಪಟ್ಟಿ ಹೆಚ್ಚೆಂದರೆ ನಡು ಆವೃತ್ತಿಯ ಶೇ 10ರಷ್ಟು. ಆದರೆ ಬೇಡಿಕೆಯಲ್ಲಿದ್ದ ಪಟ್ಟಿಯ ಅಗಲ ನಡು ಆವೃತ್ತಿಯ ಶೇ 109. ಇಷ್ಟು ದೊಡ್ಡ ಕಂದರವನ್ನು ಆ ಮೊದಲ ಮಾದರಿ ಹೇಗೆ ದಾಟಿತು? ಅದೇ ಲೆಕ್ಕವನ್ನು ಇಡೀ ಬೋರ್ಡಿಗೆ ಹಾಕಿದರೆ ಉತ್ತರ ಸಿಗುತ್ತದೆ. ಬೋರ್ಡಿನ ಕರ್ಣದ ಅರ್ಧ 22 ಮಿ.ಮೀ.ಗಿಂತ ತುಸು ಹೆಚ್ಚು. ಅಷ್ಟು ತ್ರಿಜ್ಯದ ಗೋಳಕ್ಕೆ ಕ್ಯೂ 1ರ ಆಸುಪಾಸಿಗೆ ಇಳಿಯುತ್ತದೆ. ತಟ್ಟೆಗೆ ಇಲ್ಲದ ಪಟ್ಟಿಯನ್ನು ಬೋರ್ಡಿನ ಗ್ರೌಂಡ್ ತನ್ನ ಮೈಯೊಡ್ಡಿ ಒದಗಿಸುತ್ತಿತ್ತು. ಕೆಳಗಿನ ಆವೃತ್ತಿಗಳಲ್ಲಿ ವಿಕಿರಣದ ದೊಡ್ಡ ಪಾಲು ಗ್ರೌಂಡ್‌ನ ಅಂಚುಗಳಲ್ಲಿ ಹರಿಯುವ ವಿದ್ಯುತ್ತಿನಿಂದಲೇ ಬರುತ್ತಿತ್ತು.

ಬೋರ್ಡ್ ಆಂಟೆನಾದ ಭಾಗವಾಗುವುದರಲ್ಲಿ ದೋಷವೇನೂ ಇಲ್ಲ. ಮೊಬೈಲ್ ಫೋನ್‌ಗಳೆಲ್ಲ ಅದನ್ನೇ ನೆಚ್ಚಿಕೊಂಡಿವೆ. ತೊಂದರೆ ಹುಟ್ಟುವುದು ಅದು ಗೊತ್ತಿಲ್ಲದೆ ಆದಾಗ. ಗ್ರೌಂಡ್‌ನ ಅಂಚು ವಿಕಿರಣ ಮಾಡುತ್ತಿದ್ದರೆ ಅಲ್ಲಿ ಇಟ್ಟ ಸೆಲ್, ಅಲ್ಲಿಂದ ಹೊರಟ ತಂತಿ, ಅಲ್ಲಿ ತಾಗಿದ ಬೆರಳು, ಹಿಂದಿರುವ ಎದೆ ಎಲ್ಲವೂ ಆಂಟೆನಾದೊಳಗೆ ಕೈ ಹಾಕಿದಂತೆಯೇ.

ಇದನ್ನು ಕಣ್ಣಾರೆ ನೋಡುವುದು ಬಹಳ ಸುಲಭ. ಟ್ಯಾಗ್‌ಗೆ ತೆಳುವಾದ ಕೊಯಾಕ್ಸ್ ಕೇಬಲ್ (ಒಳಗೊಂದು ತಂತಿ, ಸುತ್ತ ಲೋಹದ ಕವಚ ಇರುವಂಥದ್ದು) ಬೆಸೆದು ಅನಲೈಜರ್‌ಗೆ ಜೋಡಿಸಿ, ಪರದೆಯ ಗೆರೆ ನಿಶ್ಚಲವಾದ ಮೇಲೆ, ಬೋರ್ಡಿನಿಂದ ಒಂದು ಗೇಣು ದೂರದಲ್ಲಿ ಕೇಬಲ್ಲನ್ನು ಎರಡು ಬೆರಳುಗಳಿಂದ ಹಿಡಿದು ನಿಧಾನವಾಗಿ ಬೋರ್ಡಿನತ್ತ ಸರಿಸಬೇಕು. ಮೊದಲ ಮಾದರಿಯಲ್ಲಿ ಹೀಗೆ ಮಾಡಿದಾಗ 7 ಗಿಗಾಹರ್ಟ್ಸ್‌ನಿಂದ ಮೇಲಿನ ಗೆರೆ ಹೆಚ್ಚು ಕದಲಲಿಲ್ಲ. 3.5ರ ಹತ್ತಿರವಿದ್ದ ಆಳವಾದ ತಗ್ಗು ಮಾತ್ರ ಬೆರಳಿನ ಜೊತೆ ನಡೆಯಿತು. ಬೆರಳು ಬೋರ್ಡಿಗೆ ಹತ್ತಿರವಾದಂತೆ ತಗ್ಗು ಆಳ ಕಳೆದುಕೊಂಡು ಪಕ್ಕಕ್ಕೆ ಜರುಗಿತು, ಬೆರಳು ತೆಗೆದಾಗ ಮರಳಿ ಬಂದಿತು. ಕೊಯಾಕ್ಸ್‌ನ ಹೊರ ಕವಚದ ಮೇಲೆ ವಿದ್ಯುತ್ ಹರಿಯುತ್ತಿದೆ, ಕೇಬಲ್ ತಾನೇ ವಿಕಿರಣ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಆ ಚೆಂದದ ತಗ್ಗಿನಲ್ಲಿ ಕೇಬಲ್‌ಗೂ ಪಾಲಿತ್ತು. ಕೇಬಲ್ ಇಲ್ಲದೆ ಸೆಲ್ ಮೇಲೆ ಓಡುವ ನಿಜವಾದ ಟ್ಯಾಗ್‌ನಲ್ಲಿ ಆ ತಗ್ಗು ಹಾಗೆ ಇರಲು ಸಾಧ್ಯವೇ ಇಲ್ಲ.

ಚಿಕ್ಕ ಆಂಟೆನಾದ ಅಳತೆಯಲ್ಲಿ ನಾನು ಈ ಬೆರಳಿನ ಪರೀಕ್ಷೆಯನ್ನು ಬೇರೆಲ್ಲಕ್ಕಿಂತ ಮೊದಲು ಮಾಡಿಸುತ್ತೇನೆ. ಗೆರೆ ಕದಲಿದರೆ ಆ ಅಳತೆಯಿಂದ ಯಾವ ತೀರ್ಮಾನಕ್ಕೂ ಬರಬಾರದು. ಕಡಿಮೆ ಆವೃತ್ತಿಗಳಲ್ಲಿ ಕೇಬಲ್‌ಗೆ ಫೆರೈಟ್ ಮಣಿ ಹಾಕಿ ಈ ವಿದ್ಯುತ್ತನ್ನು ತಡೆಯುತ್ತಾರೆ. 6 ಗಿಗಾಹರ್ಟ್ಸ್‌ನ ಮೇಲೆ ಸಾಮಾನ್ಯ ಫೆರೈಟ್ ಮಣಿಯನ್ನು ನೆಚ್ಚಿಕೊಳ್ಳಲಾಗದು. ಅಲ್ಲಿ ಕಾಲು ತರಂಗಾಂತರದ ಲೋಹದ ತೋಳು ತೊಡಿಸುವುದು, ಕೇಬಲ್ ಸುತ್ತ ತರಂಗ ಹೀರುವ ಹಾಳೆ ಸುತ್ತುವುದು, ವಿದ್ಯುತ್ ಕಡಿಮೆ ಇರುವ ಜಾಗದಿಂದ ಕೇಬಲ್ ಹೊರತರುವುದು, ಇವು ಸಹಾಯಕ್ಕೆ ಬರುತ್ತವೆ. ಕೊನೆಯ ಮಾತು ಮಾತ್ರ ಸೆಲ್ ಮೇಲೆ ಓಡುವ ಟ್ಯಾಗ್ ತಾನೇ ಕಳುಹಿಸುವ ಪಲ್ಸ್‌ಗಳನ್ನು ಪ್ರತಿಫಲನವಿಲ್ಲದ ಕೊಠಡಿಯಲ್ಲಿ, ತಿರುಗುವ ಮೇಜಿನ ಮೇಲೆ ಅಳೆದಾಗ ಸಿಗುವುದೇ.

ಪ್ರತಿಫಲನದ ಗೆರೆಯ ಬಗ್ಗೆ ಇನ್ನೊಂದು ಮಾತು. ಒಂದು 50 ಓಮ್ ರೆಸಿಸ್ಟರ್ ಜೋಡಿಸಿದರೆ ಆ ಗೆರೆ ಯಾವ ಆಂಟೆನಾಕ್ಕಿಂತಲೂ ಚೆನ್ನಾಗಿ ಬರುತ್ತದೆ, ಹೊರಕ್ಕೆ ಹೋಗುವ ತರಂಗ ಮಾತ್ರ ಶೂನ್ಯ. ಎಫ್‌ಆರ್-4 ಕೂಡ 8 ಗಿಗಾಹರ್ಟ್ಸ್‌ನಲ್ಲಿ ತಂತಿದಾರಿಯ ಪ್ರತಿ ಸೆಂಟಿಮೀಟರಿಗೆ ಕಾಲು ಡೆಸಿಬೆಲ್‌ನಷ್ಟು ಶಕ್ತಿಯನ್ನು ಶಾಖವಾಗಿ ನುಂಗುತ್ತದೆ. ನುಂಗಿದ್ದು ಹಿಂದಿರುಗುವುದಿಲ್ಲವಾದ್ದರಿಂದ ಗೆರೆಯ ಮೇಲೆ ಅದೂ ಒಳ್ಳೆಯ ಗುಣವಾಗಿಯೇ ಕಾಣುತ್ತದೆ. ಚಿಪ್‌ನಿಂದ ಆಂಟೆನಾಕ್ಕೆ ಹೋಗುವ ದಾರಿಯನ್ನು ಹೊಸ ಮಾದರಿಯಲ್ಲಿ ಸಾಧ್ಯವಾದಷ್ಟು ಮೊಟಕು ಮಾಡಿದ್ದು ಇದೇ ಕಾರಣಕ್ಕೆ.

ದೂರ ತಪ್ಪಿದ್ದೇಕೆ

ಚಿಪ್ ಕಳುಹಿಸುವ ಪಲ್ಸ್‌ನ ಅಗಲ ಸುಮಾರು 2 ನ್ಯಾನೊಸೆಕೆಂಡ್. ಗಾಳಿಯಲ್ಲಿ ಅದು 60 ಸೆಂ.ಮೀ. ಉದ್ದವಾಗಿ ಹರಡಿಕೊಂಡಿರುತ್ತದೆ. ಆಂಕರ್ ಹುಡುಕುವುದು ಆ ಪಲ್ಸ್‌ನ ಮುಂಚೂಣಿಯನ್ನು, ಅಂದರೆ ಮೊಟ್ಟಮೊದಲು ಬಂದು ಮುಟ್ಟಿದ ಅಂಚನ್ನು. ನೇರ ದಾರಿಯ ಸಂಕೇತ ಬಲವಾಗಿದ್ದರೆ ಇದು ಸಲೀಸು. ನೇರ ದಾರಿಯದ್ದು ಕ್ಷೀಣವಾಗಿ, ನೆಲಕ್ಕೋ ಕಪಾಟಿಗೋ ಬಡಿದು ಬಂದದ್ದು ಬಲವಾಗಿದ್ದರೆ, ನಿಜವಾದ ಅಂಚು ಗದ್ದಲದಲ್ಲಿ ಮುಳುಗಿ ಚಿಪ್ ಎರಡನೆಯದನ್ನೇ ಮೊದಲನೆಯದೆಂದು ಹಿಡಿಯುತ್ತದೆ. ದೂರ ಯಾವಾಗಲೂ ಹೆಚ್ಚಾಗಿಯೇ ಬರುತ್ತಿತ್ತು, ಕಡಿಮೆಯಾಗಿ ಬರುತ್ತಿರಲಿಲ್ಲ ಎಂಬ ಸಂಗತಿ ನನ್ನನ್ನು ಈ ಕಾರಣದತ್ತ ಕೊಂಡೊಯ್ದಿತು.

ತಿರುಗುವ ಮೇಜಿನ ಮೇಲೆ ಅಳೆದಾಗ ಮೊದಲ ಮಾದರಿಯ ವಿಕಿರಣದಲ್ಲಿ ಆಳವಾದ ಕುಳಿಗಳು, ಅಂದರೆ ಸಂಕೇತ ಬಹಳ ಕ್ಷೀಣವಾಗುವ ದಿಕ್ಕುಗಳು, ಕಂಡವು. ಅದಕ್ಕೆ ಎರಡು ಮೂಲಗಳಿದ್ದವು. ಅಂಡಾಕಾರದ ತಟ್ಟೆ 8 ಗಿಗಾಹರ್ಟ್ಸ್‌ನಲ್ಲಿ ಅರ್ಧ ತರಂಗಾಂತರವನ್ನೂ ಮೀರುವಷ್ಟು ಅಗಲವಿತ್ತು. ಆಗ ಅದರ ಬೇರೆ ಬೇರೆ ಭಾಗಗಳಿಂದ ಹೊರಟ ತರಂಗಗಳು ಕೆಲವು ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಜೊತೆಗೆ ಗ್ರೌಂಡ್‌ನ ಬದಿಗಳಲ್ಲಿ ಹರಿದು ಸೆಲ್ ಸುತ್ತಿ ಬರುವ ವಿದ್ಯುತ್ತೂ ತನ್ನದೇ ತರಂಗಗಳನ್ನು ಸೇರಿಸುತ್ತಿತ್ತು. ದೂರ ಹೆಚ್ಚು ಬಂದ ದಿಕ್ಕುಗಳೂ ಈ ಕುಳಿಗಳಿದ್ದ ದಿಕ್ಕುಗಳೂ ಬಹುತೇಕ ಒಂದೇ ಆಗಿದ್ದವು.

ಮೂರನೆಯದೊಂದು ತೊಡಕನ್ನು ಒಳ್ಳೆಯ ಉದ್ದೇಶದಿಂದಲೇ ಸೇರಿಸಲಾಗಿತ್ತು. ವೈ-ಫೈ ಬಳಸುವ 5.15ರಿಂದ 5.825 ಗಿಗಾಹರ್ಟ್ಸ್‌ನ ಸಂಕೇತ ಒಳನುಗ್ಗದಂತೆ ತಟ್ಟೆಯಲ್ಲಿ ಇಂಗ್ಲಿಷಿನ ಯು ಆಕಾರದ ಸೀಳು ಕೊರೆದಿದ್ದರು. ಸೀಳಿನ ಉದ್ದ ಸುಮಾರು 16.5 ಮಿ.ಮೀ., ಎಫ್‌ಆರ್-4 ಮೇಲೆ 5.5 ಗಿಗಾಹರ್ಟ್ಸ್‌ನ ಅರ್ಧ ತರಂಗಾಂತರ. ಪ್ರಬಂಧಗಳಲ್ಲಿ ಇದು ಬಹಳ ಜನಪ್ರಿಯವಾದ ಉಪಾಯ. ಆದರೆ ಅನುರಣಿಸುವ ಯಾವುದೇ ವಸ್ತು ಶಕ್ತಿಯನ್ನು ಸ್ವಲ್ಪ ಹೊತ್ತು ತನ್ನಲ್ಲಿಟ್ಟುಕೊಂಡು ನಂತರ ಬಿಡುತ್ತದೆ. ತಡೆಯ ಆಸುಪಾಸಿನ ಆವೃತ್ತಿಗಳಲ್ಲಿ ಗ್ರೂಪ್ ಡಿಲೇ, ಅಂದರೆ ಸಂಕೇತ ಆಂಟೆನಾವನ್ನು ದಾಟುವಾಗ ಆಗುವ ವಿಳಂಬ, ಏರಿಳಿಯುತ್ತದೆ, ಆ ಏರಿಳಿತದ ಬಾಲ 6.24ರಿಂದ ಶುರುವಾಗುವ ಐದನೇ ಚಾನೆಲ್‌ವರೆಗೂ ಚಾಚುತ್ತದೆ. ಸಮಯ ಅಳೆಯುವ ಉಪಕರಣದ ಬಾಗಿಲಲ್ಲೇ ಸಮಯವನ್ನು ಹಿಗ್ಗಾಮುಗ್ಗಾ ಎಳೆಯುವ ಸೀಳು ಇಡುವುದು ನನಗೆ ಸರಿಕಾಣಲಿಲ್ಲ. ಅದನ್ನು ತೆಗೆದುಹಾಕಿ, ತಡೆಯುವ ಕೆಲಸವನ್ನು ಚಿಪ್‌ನ ಮುಂದಿನ ಫಿಲ್ಟರ್‌ಗೆ ವಹಿಸಿದೆವು. ಅಮೆರಿಕದಲ್ಲಿ 2020ರಿಂದ ವೈ-ಫೈಗೆ 5.925ರಿಂದ 7.125 ಗಿಗಾಹರ್ಟ್ಸ್ ಕೂಡ ತೆರೆದಿರುವುದರಿಂದ ಐದನೇ ಚಾನೆಲ್ ಪೂರ್ತಿಯಾಗಿ ಅದರೊಳಗೇ ಬೀಳುತ್ತದೆ. ಯಾವ ಸೀಳೂ ಅದಕ್ಕೆ ಮದ್ದಲ್ಲ. ಅಂಥ ಕಡೆ ಒಂಬತ್ತನೇ ಚಾನೆಲ್‌ಗೆ ಹೋಗುವುದೊಂದೇ ದಾರಿ.

ಗೇನ್ ಹೆಚ್ಚಿರುವ, ಅಂದರೆ ಶಕ್ತಿಯನ್ನು ಒಂದು ದಿಕ್ಕಿಗೆ ಹೆಚ್ಚು ಬಲವಾಗಿ ಸೂಸುವ ಆಂಟೆನಾ ಹಾಕಿದರೆ ಕುಳಿಗಳೂ ಮೇಲೇಳುವುದಿಲ್ಲವೇ ಎಂಬ ಪ್ರಶ್ನೆ ಚರ್ಚೆಯಲ್ಲಿ ಬಂದಿತ್ತು. ಯುಡಬ್ಲ್ಯೂಬಿಯಲ್ಲಿ ಕಳುಹಿಸುವಾಗ ಇದು ತಿರುಗುಬಾಣವಾಗುತ್ತದೆ. ಅನುಮತಿಸಿದ ಮಿತಿ ಪ್ರತಿ ಮೆಗಾಹರ್ಟ್ಸ್‌ಗೆ −41.3 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್), ಒಂದು ಚಾನೆಲ್‌ಗೆ ಒಟ್ಟು 37 ಮೈಕ್ರೊವ್ಯಾಟ್‌ನಷ್ಟು. ಈ ಮಿತಿ ಅನ್ವಯವಾಗುವುದು ಅತಿ ಬಲವಾದ ದಿಕ್ಕಿಗೆ. ಒಂದು ದಿಕ್ಕಿನಲ್ಲಿ ಗೇನ್ 4 ಡೆಸಿಬೆಲ್ ಏರಿದರೆ ಚಿಪ್‌ನ ಶಕ್ತಿಯನ್ನು ಅಷ್ಟೇ ಇಳಿಸಬೇಕು, ಆಗ ಉಳಿದೆಲ್ಲ ದಿಕ್ಕುಗಳಿಗೂ 4 ಡೆಸಿಬೆಲ್ ನಷ್ಟ. ಎಲ್ಲ ದಿಕ್ಕುಗಳಿಗೂ ಹೆಚ್ಚುಕಡಿಮೆ ಒಂದೇ ಸಮ ಸೂಸುವ ಆಂಟೆನಾ ಮಾತ್ರ ಕಾನೂನು ಕೊಟ್ಟ ಶಕ್ತಿಯನ್ನು ಪೂರ್ತಿಯಾಗಿ ಬಳಸಿಕೊಳ್ಳಬಲ್ಲದು. ಹಾಗಾಗಿ ಹೊಸ ವಿನ್ಯಾಸದ ಗುರಿಯನ್ನು ಹೀಗೆ ಬರೆದುಕೊಂಡೆ: 6.0ರಿಂದ 8.6 ಗಿಗಾಹರ್ಟ್ಸ್, ಆಳವಾದ ಕುಳಿಯಿಲ್ಲದ ವಿಕಿರಣ, ದಿಕ್ಕು ಬದಲಾದರೂ 100 ಪಿಕೊಸೆಕೆಂಡಿಗಿಂತ ಹೆಚ್ಚು ಬದಲಾಗದ ವಿಳಂಬ. ವಿಳಂಬದ ಸರಾಸರಿ ಎಷ್ಟೇ ಇರಲಿ, ಅದನ್ನು ಚಿಪ್‌ನಲ್ಲಿ ಒಂದು ಸ್ಥಿರಾಂಕವಾಗಿ ಬರೆದು ಕಳೆಯಬಹುದು. ದಿಕ್ಕಿನ ಜೊತೆ ಬದಲಾಗುವ ವಿಳಂಬವನ್ನು ಹಾಗೆ ಕಳೆಯಲಾಗದು. ತಾನು ಯಾವ ಕಡೆ ಮುಖಮಾಡಿದ್ದೇನೆಂದು ಟ್ಯಾಗ್‌ಗೆ ಗೊತ್ತಿರುವುದಿಲ್ಲ.

ಹೊಸ ವಿನ್ಯಾಸ

ತಟ್ಟೆಯನ್ನು 9 ಮಿ.ಮೀ. ಅಗಲಕ್ಕೆ ಇಳಿಸಿ, ಕೆಳಗಿನ ಅರ್ಧವನ್ನು ದುಂಡಾಗಿಯೇ ಉಳಿಸಿ, ಮೇಲ್ಭಾಗವನ್ನು ಚಪ್ಪಟೆಯಾಗಿ ಕತ್ತರಿಸಿದೆವು. ಎತ್ತರ 8.5 ಮಿ.ಮೀ. ಕೆಳಗಿನ ದುಂಡು ಮುಖ್ಯ. ಗ್ರೌಂಡ್‌ನ ಅಂಚಿಗೂ ತಟ್ಟೆಗೂ ನಡುವಿನ ಸಂದು ಉಣಿಕೆಯ ಬಿಂದುವಿನಲ್ಲಿ ಅರ್ಧ ಮಿ.ಮೀ. ಇದ್ದು, ಬದಿಗೆ ಹೋದಂತೆ ನಯವಾಗಿ ತೆರೆದುಕೊಳ್ಳುತ್ತದೆ. ತರಂಗ ಎಲ್ಲೂ ತಟ್ಟನೆ ಎಡವದೆ ಜಾರಿಹೋಗಲು ಈ ನಿಧಾನದ ತೆರೆಯುವಿಕೆಯೇ ಕಾರಣ. ಬ್ರಿಟಿಷ್ ಭೌತವಿಜ್ಞಾನಿ ಆಲಿವರ್ ಲಾಡ್ಜ್ 1898ರ ತನ್ನ ಪೇಟೆಂಟಿನಲ್ಲಿ ತೋರಿಸಿದ ಜೋಡಿ ಶಂಕುಗಳಲ್ಲಿಯೂ ಇದೇ ತತ್ವವಿತ್ತು. ಕಿಡಿಗಳಿಂದ ಸಂಕೇತ ಕಳುಹಿಸುತ್ತಿದ್ದ ಆ ಕಾಲದ ರೇಡಿಯೊಗಳೆಲ್ಲ ತಾವಾಗಿಯೇ ಅಗಲ ಪಟ್ಟಿಯವಾಗಿದ್ದವು ಎಂಬುದನ್ನು ನೆನೆದರೆ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಆಂಟೆನಾ ಕುಗ್ಗಿದ್ದರಿಂದ ಉಳಿದ ಜಾಗ ಗ್ರೌಂಡ್‌ಗೆ ಸಿಕ್ಕಿತು. ತಟ್ಟೆ ಮತ್ತು ಸಂದು ಸೇರಿ 9 ಮಿ.ಮೀ., ಆಮೇಲೆ 6 ಮಿ.ಮೀ. ಅಗಲದ ಖಾಲಿ ಗ್ರೌಂಡ್ ಪಟ್ಟಿ, ಆಮೇಲೆ ಸೆಲ್. ಇಡೀ ಬದಲಾವಣೆಯಲ್ಲಿ ನಾನು ಅತಿ ಹೆಚ್ಚು ಪಟ್ಟುಹಿಡಿದದ್ದು ಈ 6 ಮಿ.ಮೀ. ಪಟ್ಟಿಗಾಗಿ. ಅಲ್ಲಿ ಕೆಪಾಸಿಟರ್ ಇಡಬಹುದಲ್ಲ, ಎಲ್‌ಇಡಿ ಇಡಬಹುದಲ್ಲ ಎಂಬ ಒತ್ತಡ ಬರುತ್ತಲೇ ಇತ್ತು. ಏನನ್ನೂ ಇಡಲು ಬಿಡಲಿಲ್ಲ.

ಆ ಪಟ್ಟಿಯಲ್ಲಿ ಉಣಿಕೆಯ ಬಿಂದುವಿನ ಎರಡೂ ಬದಿಗೆ ತಲಾ ಒಂದು ಸೀಳು ಕೊರೆದೆವು. ಬಾಯಿ ಗ್ರೌಂಡ್‌ನ ಮೇಲಂಚಿಗೆ ತೆರೆದಿದೆ. 3 ಮಿ.ಮೀ. ಕೆಳಗಿಳಿದು 3.5 ಮಿ.ಮೀ. ಅಡ್ಡಕ್ಕೆ ತಿರುಗುತ್ತದೆ. ಒಟ್ಟು 6.5 ಮಿ.ಮೀ. ನಮ್ಮ ಪಟ್ಟಿಯ ನಡುವಿನ ಆವೃತ್ತಿಗೆ ಬೋರ್ಡಿನ ಮೇಲೆ ಅದು ಕಾಲು ತರಂಗಾಂತರದ ಹತ್ತಿರ. ಒಂದು ತುದಿ ಮುಚ್ಚಿದ ಕಾಲು ತರಂಗಾಂತರದ ಸೀಳು ತನ್ನ ತೆರೆದ ಬಾಯಿಯಲ್ಲಿ ವಿದ್ಯುತ್ತಿಗೆ ದೊಡ್ಡ ಅಡ್ಡಿಯಾಗಿ ನಿಲ್ಲುತ್ತದೆ. ಅಂಚಿನಗುಂಟ ಹರಿದು ಬೋರ್ಡಿನ ಮೂಲೆಗಳಿಗೂ ಸೆಲ್‌ಗೂ ಹೋಗಬೇಕಾಗಿದ್ದ ವಿದ್ಯುತ್ತಿನ ಬಹುಭಾಗ ಅಲ್ಲೇ, ತಟ್ಟೆಯ ಬುಡದಲ್ಲೇ ಉಳಿಯುತ್ತದೆ. ಇದೂ ಅನುರಣಿಸುವ ಸೀಳೇ ಅಲ್ಲವೇ, ಇದರಿಂದ ವಿಳಂಬ ಕೆಡುವುದಿಲ್ಲವೇ ಎಂದು ಕೇಳಬಹುದು. ಇದರ ಬಾಯಿ ಅಗಲವಾಗಿದೆ, ಉಣಿಕೆಗೆ ತೀರ ಹತ್ತಿರವಿದ್ದು ಬಿಗಿಯಾಗಿ ಬೆಸೆದುಕೊಂಡಿದೆ. ಹಾಗಾಗಿ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವ ಹೊತ್ತು ಬಹಳ ಕಡಿಮೆ. ಅಗಲವನ್ನು ಕಿರಿದಾಗಿಸಿ ನೋಡಿದಾಗ ಸಿಮ್ಯುಲೇಷನ್‌ನಲ್ಲಿ ವಿಳಂಬದ ಗೆರೆ ಕೂಡಲೇ ಏಳತೊಡಗಿತು. ಒಂದು ಮಿ.ಮೀ. ಅಗಲಕ್ಕೆ ನಿಂತೆವು.

ಇಷ್ಟು ಮಾಡಿದರೂ ಬೋರ್ಡಿನ ಸಹಾಯ ಬೇಡವೆಂದಾಗಲಿಲ್ಲ. 9 ಮಿ.ಮೀ. ತಟ್ಟೆಯೊಂದನ್ನೇ ನೋಡಿದರೆ 6 ಗಿಗಾಹರ್ಟ್ಸ್‌ನಲ್ಲಿ ಅದರ ಕ್ಯೂ ಹಿಂದಿನದರಷ್ಟೇ ಕೆಟ್ಟದ್ದು. ಬೇಕಾದ ಪಟ್ಟಿ ಶೇ 109ರಿಂದ ಶೇ 35ರ ಹತ್ತಿರಕ್ಕೆ ಇಳಿದಿರುವುದರಿಂದ, ಸೆಲ್‌ವರೆಗೂ ಹೋಗದೆ ತಟ್ಟೆಯ ಬುಡದ ಗ್ರೌಂಡ್ ಪಟ್ಟಿಯೇ ಆ ಸಹಾಯವನ್ನು ಒದಗಿಸಬಲ್ಲದು. ಅಷ್ಟೇ ವ್ಯತ್ಯಾಸ, ಆದರೆ ಅದೇ ದೊಡ್ಡದು.

ತಯಾರಿಕೆಯಲ್ಲಿ ಕಣ್ಣಿಡಬೇಕಾದದ್ದು ಅರ್ಧ ಮಿ.ಮೀ. ಸಂದಿನ ಮೇಲೆ. ಉಳಿದ ಅಳತೆಗಳು ತುಸು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಎಫ್‌ಆರ್-4ರ ಗುಣವೂ ತಯಾರಿಕೆಯ ಒಂದು ಕಂತಿನಿಂದ ಇನ್ನೊಂದು ಕಂತಿಗೆ ಬದಲಾಗುತ್ತದೆ, ಪ್ಲಾಸ್ಟಿಕ್ ಕವಚ ಇಡೀ ಪಟ್ಟಿಯನ್ನು ಸ್ವಲ್ಪ ಕೆಳಕ್ಕೆ ಎಳೆಯುತ್ತದೆ. ಪಟ್ಟಿಯ ಎರಡೂ ತುದಿಗಳಲ್ಲಿ ಬಿಟ್ಟ ಹೆಚ್ಚುವರಿ ಜಾಗ ಇವಕ್ಕಾಗಿಯೇ.

ಹೊಸ ಮಾದರಿಯಲ್ಲಿ ಕೇಬಲ್ ಮೇಲೆ ಬೆರಳು ಸರಿಸಿದಾಗ ನಮ್ಮ ಪಟ್ಟಿಯೊಳಗಿನ ಗೆರೆ ಬಹುತೇಕ ಅಲುಗಲಿಲ್ಲ. ಕೊಠಡಿಯಲ್ಲಿ ಟ್ಯಾಗ್ ತಿರುಗಿಸಿದಾಗ ಹಿಂದಿನ ಆಳವಾದ ಕುಳಿಗಳು ಹೋಗಿ ಸಾಧಾರಣ ಏರಿಳಿತ ಮಾತ್ರ ಉಳಿದಿತ್ತು. ತೆರೆದ ಜಾಗದಲ್ಲಿ ದೂರದ ವ್ಯತ್ಯಾಸ ಎಲ್ಲ ದಿಕ್ಕುಗಳಲ್ಲೂ ಹತ್ತು ಸೆಂ.ಮೀ. ಒಳಗೆ ಬಂದಿತು.

ಮೈ ಮತ್ತು ಉಂಗುರ

ಎದೆಯ ಮೇಲೆ ಹಾಕಿಕೊಂಡಾಗಿನ ಸಮಸ್ಯೆ ಬೇರೆಯದೇ ಜಾತಿಯದ್ದು. ನೀರು ತುಂಬಿದ ಸ್ನಾಯುವಿನ ಪರಾವೈದ್ಯುತ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಈ ಆವೃತ್ತಿಗಳಲ್ಲಿ 50ರ ಹತ್ತಿರ, ಪ್ಲಾಸ್ಟಿಕ್ಕಿನದ್ದು 3ರ ಸುತ್ತಮುತ್ತ. ಮೈಗೆ ತಾಗಿದ ಆಂಟೆನಾದ ಶ್ರುತಿಯೂ ಕೆಡುತ್ತದೆ, ಹೊರಟ ಶಕ್ತಿಯನ್ನೂ ಮೈ ಹೀರುತ್ತದೆ. ಶ್ರುತಿಯ ತೊಂದರೆಗೆ ಕವಚದ ಹಿಂಬದಿಯಲ್ಲಿ 5 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಏಣು ಕೊಟ್ಟು ಆಂಟೆನಾ ಬಟ್ಟೆಯಿಂದ ಅಷ್ಟು ದೂರ ನಿಲ್ಲುವಂತೆ ಮಾಡಿದೆವು. ಗ್ರೌಂಡ್‌ನ ವಿದ್ಯುತ್ತನ್ನು ಕಟ್ಟಿಹಾಕಿದ್ದರಿಂದ ಅಷ್ಟು ದೂರವೇ ಸಾಕಾಯಿತು. ಹೀರುವಿಕೆಗೆ ಈ ದಪ್ಪದಲ್ಲಿ ಪರಿಹಾರವಿಲ್ಲ. ಹಿಂದೆ ಲೋಹದ ಹಾಳೆಯಿಟ್ಟು ಎಲ್ಲವನ್ನೂ ಮುಂದಕ್ಕೆ ತಿರುಗಿಸಬೇಕೆಂದರೆ ಕಾಲು ತರಂಗಾಂತರದಷ್ಟು, ಸುಮಾರು 10 ಮಿ.ಮೀ. ಜಾಗ ಬೇಕು. ಬೆನ್ನ ಹಿಂದಿನ ಆಂಕರ್‌ಗೆ ತಲುಪುವ ಸಂಕೇತ ಹತ್ತಾರು ಡೆಸಿಬೆಲ್ ಕುಗ್ಗಿ, ಮೈಯನ್ನು ಬಳಸಿಕೊಂಡೇ ಹೋಗಬೇಕು. ಆ ದಿಕ್ಕಿನ ದೂರ ಈಗಲೂ ಹೆಚ್ಚಾಗಿಯೇ ಬರುತ್ತದೆ. ಇದನ್ನು ಆಂಟೆನಾದಿಂದ ಸರಿಪಡಿಸುತ್ತೇನೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬಾರದು. ಕೆಲಸಗಾರರು ಯಾವ ಕಡೆ ತಿರುಗಿದರೂ ಸಾಕಷ್ಟು ಆಂಕರ್‌ಗಳು ಎದೆಯ ಮುಂದೆ ಇರುವಂತೆ ಅವುಗಳನ್ನು ಹಂಚಿ ಹಾಕುವುದೇ ಇದಕ್ಕೆ ಉತ್ತರ.

ಎಲ್ಲ ಮುಗಿಯಿತು ಎನ್ನುವಾಗ ಕವಚ ಪೂರ್ಣಗೊಂಡು ಬಂದಿತು, ದೂರ ಮತ್ತೆ ಕೆಟ್ಟಿತು. ಈ ಸಲ ಐದನೇ ಚಾನೆಲ್‌ನ ಮೇಲಂಚಿನಿಂದ ಒಂಬತ್ತನೇ ಚಾನೆಲ್‌ನತ್ತ ಹೋಗುವ ಭಾಗದಲ್ಲಿ ವಿಳಂಬದ ಗೆರೆ ಉಬ್ಬಿತ್ತು. ಕಾರಣ ಕುತ್ತಿಗೆಯ ಪಟ್ಟಿ ಸಿಕ್ಕಿಸಲು ಕವಚದ ಮೇಲ್ತುದಿಯಲ್ಲಿ ಹಾಕಿದ್ದ ಉಕ್ಕಿನ ಉಂಗುರ. ಅದರ ವ್ಯಾಸ 13 ಮಿ.ಮೀ., ಸುತ್ತಳತೆ 41 ಮಿ.ಮೀ. ಉಂಗುರವೊಂದು ಬಲವಾಗಿ ಅನುರಣಿಸುವುದು ಅದರ ಸುತ್ತಳತೆ ಒಂದು ತರಂಗಾಂತರದಷ್ಟಾದಾಗ. 41 ಮಿ.ಮೀ. ತರಂಗಾಂತರ ಅಂದರೆ 7.3 ಗಿಗಾಹರ್ಟ್ಸ್, ಎರಡು ಚಾನೆಲ್‌ಗಳ ನಡುಮಧ್ಯ. ತಟ್ಟೆಯ ನೆತ್ತಿಯ ಮೇಲೇ ನೇತಾಡುತ್ತಿದ್ದ ಆ ಉಂಗುರ ಪ್ರತಿ ಪಲ್ಸ್‌ನಿಂದಲೂ ಒಂದಿಷ್ಟು ಪಡೆದು ತಡವಾಗಿ ಮರಳಿಸುತ್ತಿತ್ತು. ಟ್ಯಾಗ್ ಅಲುಗಾಡಿದಂತೆಲ್ಲ ಉಂಗುರದ ಕೋನ ಬದಲಾಗಿ ತಪ್ಪೂ ಬದಲಾಗುತ್ತಿತ್ತು. ನೈಲಾನ್ ಕೊಂಡಿ ಹಾಕಿಸಿದ ಮೇಲೆ ಉಬ್ಬು ಮಾಯವಾಯಿತು. ಕವಚದ ನಕ್ಷೆಯಲ್ಲಿ ಈಗ ಆಂಟೆನಾದ ಸುತ್ತ 15 ಮಿ.ಮೀ. ಒಳಗೆ ಸ್ಕ್ರೂ, ಸ್ಪ್ರಿಂಗ್, ಲೋಹದ ಬಣ್ಣ ಯಾವುದೂ ಇರಕೂಡದು ಎಂಬ ಸಾಲು ಸೇರಿದೆ.

ಮುಂದಿನ ಮಾದರಿಗೆ ದೂರದ ಜೊತೆ ದಿಕ್ಕನ್ನೂ ಅಳೆಯಬೇಕೆಂಬ ಬೇಡಿಕೆ ಬಂದಿದೆ. ಅದಕ್ಕೆ ಎರಡು ಆಂಟೆನಾ ಬೇಕು. ಅವುಗಳ ನಡುವಿನ ಅಂತರ ಅರ್ಧ ತರಂಗಾಂತರವನ್ನು ಮೀರಿದರೆ ದಿಕ್ಕಿನ ಉತ್ತರ ಒಂದಕ್ಕಿಂತ ಹೆಚ್ಚಾಗಿಬಿಡುತ್ತದೆ. ಒಂಬತ್ತನೇ ಚಾನೆಲ್‌ನಲ್ಲಿ ಅರ್ಧ ತರಂಗಾಂತರ 18.8 ಮಿ.ಮೀ. ನಡುವಿನಿಂದ ನಡುವಿಗೆ 18 ಮಿ.ಮೀ. ಇಟ್ಟು 9 ಮಿ.ಮೀ. ಅಗಲದ ಎರಡು ತಟ್ಟೆಗಳನ್ನು ಕೂರಿಸಿದರೆ 27 ಮಿ.ಮೀ. ಆಗುತ್ತದೆ, ಬೋರ್ಡಿನ ಅಗಲ 26. ತಟ್ಟೆಗಳನ್ನು ಕಿರಿದಾಗಿಸಿ ಒಳಗೆ ತುರುಕುವುದಕ್ಕಿಂತ ಬೋರ್ಡನ್ನು 30 ಮಿ.ಮೀ.ಗೆ ಅಗಲಿಸುವುದು ಮೇಲೆಂದು ಬರೆದುಕೊಟ್ಟಿದ್ದೇನೆ. ಒಂದು ತಟ್ಟೆಯ ವಿದ್ಯುತ್ ಇನ್ನೊಂದರ ಬುಡಕ್ಕೆ ಹರಿದು ಹೋಗದಂತೆ ನಡುವೆ ಮೂರನೆಯ ಸೀಳೊಂದು ಬೇಕಾಗುತ್ತದೆ, ಅದರ ಸಿಮ್ಯುಲೇಷನ್ ಈಗ ನಡೆಯುತ್ತಿದೆ.